ಶೂಟಿಂಗ್ ದಿನ ಎಲ್ಲ ಕೈಕೊಟ್ಟರೆ: ಕಾಲೇಜು ಕಿರುಚಿತ್ರ ಉಳಿಸಿಕೊಳ್ಳುವುದು ಹೇಗೆ

ಜುಲೈ ತಿಂಗಳು, ಬೆಳಗ್ಗೆ 6.15. ಮಲೆನಾಡಿನ ಒಂದು ಸಣ್ಣ ಊರಿನ ಬಸ್ ಸ್ಟ್ಯಾಂಡ್. ಪುನರ್ವಸು ಮಳೆ ರಾತ್ರಿಯಿಡೀ ಹೊಡೆದು ಆಗಷ್ಟೇ ಸಣ್ಣಗಾಗಿತ್ತು. ನಾವು ಎಂಟು ಜನ, ಒಂದು ಬಾಡಿಗೆ ಕ್ಯಾಮೆರಾ, ಎರಡು ಥರ್ಮಾಕೋಲ್ ಶೀಟು, ಒಂದು ಫ್ಲಾಸ್ಕ್ ಕಾಫಿ. ಹಿಂದಿನ ವಾರ "ಬನ್ನಿ ಬನ್ನಿ, ಏನೂ ತೊಂದ್ರೆ ಇಲ್ಲ" ಅಂತ ಶೂಟಿಂಗ್‌ಗೆ ಒಪ್ಪಿದ್ದ ಬಸ್ ಸ್ಟ್ಯಾಂಡಿನ ಅಧಿಕಾರಿ ರಜೆಯಲ್ಲಿದ್ದರು. ಅವರ ಕುರ್ಚಿಯಲ್ಲಿ ಕೂತಿದ್ದವರು ಕನ್ನಡಕದ ಮೇಲಿಂದ ನೋಡಿ, "ಲೆಟರ್ ಎಲ್ಲಿ?" ಅಂದರು. ಅನುಮತಿಯ ಲೆಟರ್ ಇರಲಿಲ್ಲ. ಅದೇ ಹೊತ್ತಿಗೆ ಅಮ್ಮನ ಪಾತ್ರ ಮಾಡಬೇಕಿದ್ದವರ ಫೋನ್ ಬಂತು. ಮಗುವಿಗೆ ಜ್ವರ, ಬರೋಕಾಗಲ್ಲ.

ನಮ್ಮದು ಕೊನೆಯ ವರ್ಷದ ಪ್ರಾಜೆಕ್ಟ್, 11 ನಿಮಿಷದ ಸಿನಿಮಾ. ಅದರಲ್ಲಿ 4 ನಿಮಿಷ ಆ ಬಸ್ ಸ್ಟ್ಯಾಂಡಿನಲ್ಲೇ ನಡೆಯಬೇಕಿತ್ತು. ಮಗಳು ಓದಲು ಬೆಂಗಳೂರಿಗೆ ಹೊರಟಿದ್ದಾಳೆ. ಅಪ್ಪನಿಗೆ ಇಷ್ಟವಿಲ್ಲ, ಮೂರು ದಿನದಿಂದ ಮಾತು ಬಿಟ್ಟಿದ್ದಾನೆ. ಅಮ್ಮ ಇಬ್ಬರ ನಡುವೆ ಒದ್ದಾಡುತ್ತಾಳೆ. ಬಸ್ ಹೊರಡುವಾಗ ಅಪ್ಪ ಕಿಟಕಿಯ ಹತ್ತಿರ ಓಡಿ ಬಂದು ದುಡ್ಡು ಕೊಡುತ್ತಾನೆ. ಇದು ಬರೆದುಕೊಂಡಿದ್ದ ಕಥೆ. ಈಗ ಬಸ್ ಸ್ಟ್ಯಾಂಡ್ ಇಲ್ಲ, ಬಸ್ ಇಲ್ಲ, ಅಮ್ಮ ಇಲ್ಲ. ಕ್ಯಾಮೆರಾ ಒಂದಿದೆ, ಅದೂ ಮರುದಿನ ಸಂಜೆ ತನಕ.

ಆಮೇಲಿನ ವರ್ಷಗಳಲ್ಲಿ ಬೇರೆ ಬೇರೆ ವಿದ್ಯಾರ್ಥಿ ತಂಡಗಳ ಜೊತೆ ಓಡಾಡಿದ್ದೇನೆ. ಅಂದುಕೊಂಡ ಹಾಗೇ ಮುಗಿದ ಒಂದು ಶೂಟಿಂಗ್ ಕೂಡ ನೋಡಿಲ್ಲ. ಹಾಗಾಗಿ ಇಂಥ ದಿನ ಏನು ಮಾಡಬೇಕು ಅಂತ ಒಂದು ಕ್ರಮ ಹೇಳುತ್ತೇನೆ.

1. ಮೊದಲು ತಿಂಡಿ

ತಮಾಷೆಯಲ್ಲ. ಪ್ಲಾನ್ ಕೆಟ್ಟ ಮೊದಲ ಅರ್ಧ ಗಂಟೆಯಲ್ಲಿ ನಿರ್ದೇಶಕ ತೆಗೆದುಕೊಳ್ಳುವ ನಿರ್ಧಾರ ಸಾಮಾನ್ಯವಾಗಿ ಸಿಟ್ಟಿನದ್ದು. "ಲೆಟರ್ ಇಲ್ಲದಿದ್ರೆ ಏನಂತೆ, ಕದ್ದು ಶೂಟ್ ಮಾಡೋಣ" ಅಂತ ನಾನೂ ಅಂದೆ. ಮಾಡಿದ್ದರೆ ಬಾಡಿಗೆ ಕ್ಯಾಮೆರಾ ಯಾರದೋ ಮೇಜಿನ ಡ್ರಾಯರ್ ಸೇರುತ್ತಿತ್ತು. ತಂಡವನ್ನು ಹೋಟೆಲಿಗೆ ಕಳಿಸಿ. ಅವರು ಇಡ್ಲಿ ತಿನ್ನುವಷ್ಟರಲ್ಲಿ ನೀವು ಒಂದು ಕಾಗದದ ಮೇಲೆ ಇರುವುದನ್ನು ಬರೆಯಿರಿ. ಇಲ್ಲದ್ದನ್ನು ಬರೆಯಬೇಡಿ, ಅದು ನಿಮಗೆ ಹೇಗೂ ಗೊತ್ತಿದೆ.

ಯಾವ ನಟರು ಇದ್ದಾರೆ, ಅವರಲ್ಲಿ ಯಾರು ಎಷ್ಟು ಗಂಟೆಗೆ ಹೋಗಬೇಕು. ಕ್ಯಾಮೆರಾ ಎಷ್ಟು ಗಂಟೆ ಕೈಯಲ್ಲಿದೆ, ಬ್ಯಾಟರಿ ಎಷ್ಟಿದೆ. ಗಾಡಿ ಇದೆಯಾ. ಹತ್ತಿರದಲ್ಲಿ ಯಾರ ಮನೆ ಇದೆ. ನಮ್ಮ ಪಟ್ಟಿಯಲ್ಲಿ ಅಪ್ಪ, ಮಗಳು, ಒಂದು ಓಮ್ನಿ, ಮತ್ತು ಸೌಂಡ್ ಮಾಡುತ್ತಿದ್ದ ಹುಡುಗನ ದೊಡ್ಡಮ್ಮನ ಮನೆ ಇತ್ತು. ಮನೆ ಅಲ್ಲಿಂದ 3 ಕಿಲೋಮೀಟರ್. ಜಗಲಿ ಇರುವ ಹಳೇ ಹೆಂಚಿನ ಮನೆ. ಕೊನೆಗೆ ಕೈಹಿಡಿದಿದ್ದು ಅದೇ.

2. ಈ ದೃಶ್ಯಕ್ಕೆ ಏನು ಕೆಲಸ ಕೊಟ್ಟಿದ್ದಿರಿ?

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಳೆದುಹೋದ ದೃಶ್ಯದ ಎದುರು, ಅದು ಸಿನಿಮಾದಲ್ಲಿ ಯಾವ ಕೆಲಸ ಮಾಡುತ್ತಿತ್ತು ಅಂತ ಒಂದೇ ವಾಕ್ಯ ಬರೆಯಿರಿ. ಏನು ನಡೆಯುತ್ತದೆ ಅಂತಲ್ಲ, ಯಾಕೆ ಇದೆ ಅಂತ.

"ಅಪ್ಪ ಬಸ್ಸಿನ ಕಿಟಕಿಗೆ ಓಡಿ ಬಂದು ದುಡ್ಡು ಕೊಡುತ್ತಾನೆ" ಅನ್ನುವುದು ನಡೆಯುವ ಸಂಗತಿ. ಅದರ ಕೆಲಸ? "ಮಾತು ಬಿಟ್ಟ ಅಪ್ಪ ಕೊನೇ ಗಳಿಗೆಯಲ್ಲಿ ಮಗಳಿಗೆ ಏನೋ ಒಂದು ಕೊಟ್ಟು ಕಳಿಸುತ್ತಾನೆ." ಹೀಗೆ ಬರೆದ ತಕ್ಷಣ ಬಸ್ಸು ವಾಕ್ಯದಿಂದ ಹೊರಗೆ ಬಿತ್ತು. ಬಸ್ ಸ್ಟ್ಯಾಂಡೂ ಬಿತ್ತು. ದುಡ್ಡು ಕೂಡ. ಉಳಿದಿದ್ದು ಅಪ್ಪ, ಮಗಳು, ಕೊಡುವುದು, ಹೊರಡುವ ಅವಸರ. ಇವು ನಾಲ್ಕೂ ನಮ್ಮ ಹತ್ತಿರ ಇದ್ದವು.

ಆ ಬೆಳಗ್ಗೆ ಜಗಲಿಯಲ್ಲಿ ನಾವು ತೆಗೆದಿದ್ದು ಹೀಗೆ. ಮಗಳ ಬ್ಯಾಗ್ ಬಾಗಿಲ ಹತ್ತಿರ ಇದೆ. ಅಪ್ಪ ಒಳಗಿಂದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ತರುತ್ತಾನೆ. ಮುಚ್ಚಳ ತೆಗೆದು, ಬಾಯಿಗೆ ಒಂದು ಪ್ಲಾಸ್ಟಿಕ್ ಕವರ್ ಹಾಸಿ, ಮತ್ತೆ ಬಿಗಿಯಾಗಿ ತಿರುಗಿಸುತ್ತಾನೆ. ಹಳೇ ಪೇಪರಿನಲ್ಲಿ ಸುತ್ತುತ್ತಾನೆ. ಸಣಬಿನ ದಾರ ಕಟ್ಟಿ ತುದಿಯನ್ನು ಹಲ್ಲಿನಿಂದ ಕಡಿಯುತ್ತಾನೆ. ಬ್ಯಾಗಿಗೆ ಇಡುವಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನ್. ಅಪ್ಪ ತಲೆ ಎತ್ತದೆ ಹೇಳುತ್ತಾನೆ: "ಓರೆ ಇಡಬೇಡ. ಸೋರ್ತದೆ." ಮೂರು ದಿನದಲ್ಲಿ ಅವನ ಮೊದಲ ಮಾತು ಅದು.

ದುಡ್ಡು ಕೊಡುವ ದೃಶ್ಯಕ್ಕಿಂತ ಇದು ಚೆನ್ನಾಗಿ ಬಂತು ಅಂತ ಈಗಲೂ ಅನಿಸುತ್ತದೆ. ಎಲ್ಲ ಸಲ ಹಾಗಾಗಲ್ಲ. ಕೆಲವೊಮ್ಮೆ ಬದಲಿ ದೃಶ್ಯ ಸಪ್ಪೆಯಾಗೇ ಇರುತ್ತದೆ, ಆದರೂ ಕೆಲಸ ಮಾಡುತ್ತದೆ. ಅಷ್ಟಾದರೂ ಸಾಕು.

ಒಂದು ಪರೀಕ್ಷೆ: ಕೆಲಸವೇನು ಅಂತ ಬರೆಯೋಕೆ ಕೂತಾಗ ವಾಕ್ಯವೇ ಹೊಳೆಯುತ್ತಿಲ್ಲ ಅಂದರೆ, ಆ ದೃಶ್ಯ ಸುಮ್ನೆ ಇತ್ತು. ಬಿಟ್ಟುಬಿಡಿ. ಡ್ರೋನ್ ಶಾಟುಗಳು ಹೆಚ್ಚಾಗಿ ಈ ಜಾತಿಗೆ ಸೇರಿದವು.

3. ಜಾಗ ಹೋದರೆ

ನೋಡುವವರಿಗೆ ಒಂದು ಜಾಗವನ್ನು ನಂಬಿಸಲು ಕಣ್ಣಿಗಿಂತ ಕಿವಿ ಜಾಸ್ತಿ ಸಹಾಯ ಮಾಡುತ್ತದೆ. ಬಸ್ ಸ್ಟ್ಯಾಂಡೇ ಬೇಕು ಅಂತಿದ್ದರೆ ಒಂದು ಸಿಮೆಂಟ್ ಬೆಂಚು, ಹಿಂದೆ ಬಣ್ಣ ಕಿತ್ತ ಗೋಡೆ, ಕಾಲ ಹತ್ತಿರ ಎರಡು ಬ್ಯಾಗು ಸಾಕು. ಕ್ಯಾಮೆರಾ ಮುಖದ ಹತ್ತಿರ ಇರಲಿ. ಉಳಿದಿದ್ದನ್ನು ಸೌಂಡ್ ಮಾಡುತ್ತದೆ: ಗೇರ್ ಬದಲಿಸುವ ಸದ್ದು, ಶಿಳ್ಳೆ, "ಶಿಮೊಗ್ಗ ಶಿಮೊಗ್ಗ ಶಿಮೊಗ್ಗ" ಅನ್ನುವ ಕಂಡಕ್ಟರ್, ಕಡ್ಲೆಕಾಯಿ ಮಾರುವವರ ಕೂಗು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬೆಂಚಿನ ಮೇಲೆ ಕೂತು, 10 ನಿಮಿಷ ಅಲ್ಲಾಡದೆ ರೆಕಾರ್ಡ್ ಮಾಡಿಕೊಳ್ಳಿ. ಗಾಳಿ ಇದ್ದರೆ ಮೈಕಿನ ಭಾಗವನ್ನು ಕರ್ಚೀಫಿನಿಂದ ಮುಚ್ಚಿ.

ಬದಲಿ ಜಾಗ ಹುಡುಕುವಾಗ ನೋಟದ ಜೊತೆಗೆ ಮೂರು ವಿಷಯ ನೋಡಿ. ಪ್ಲಗ್ ಪಾಯಿಂಟ್ ಇದೆಯಾ, ಟಾಯ್ಲೆಟ್ ಇದೆಯಾ, ಪಕ್ಕದಲ್ಲಿ ಹಿಟ್ಟಿನ ಗಿರಣಿಯೋ ಶಾಲೆಯೋ ಇದೆಯಾ. ಚೆಂದದ ಜಾಗ ಸಿಕ್ಕಿತು ಅಂತ ಓಡಿ ಹೋಗಿ, 9 ಗಂಟೆಗೆ ಗಿರಣಿ ಶುರುವಾದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತ ತಂಡ ನೋಡಿದ್ದೇನೆ.

ಅನುಮತಿ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬಾಯಿಮಾತಿನ ಒಪ್ಪಿಗೆ ಆ ವ್ಯಕ್ತಿ ಡ್ಯೂಟಿಯಲ್ಲಿ ಇರುವಷ್ಟು ಹೊತ್ತು ಮಾತ್ರ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ತಾರೀಖು, ಸಮಯ, ಜನರ ಸಂಖ್ಯೆ ಬರೆಸಿ, ಸೀಲ್ ಹಾಕಿಸಿ, ಕೊಟ್ಟದ್ದಕ್ಕೆ ಇನ್ನೊಂದು ಪ್ರತಿಯ ಮೇಲೆ ಸಹಿ ತೆಗೆದುಕೊಳ್ಳಿ. ಬೆಂಗಳೂರಿನ ಕಬ್ಬನ್ ಪಾರ್ಕ್, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ. ಕಾಡಿನ ಜಾಗಕ್ಕೆ ಅರಣ್ಯ ಇಲಾಖೆ, ಪ್ಲಾಟ್‌ಫಾರ್ಮಿಗೆ ರೈಲ್ವೆ. ಇವೆಲ್ಲ ಒಂದು ದಿನದಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಶೂಟಿಂಗ್ ದಿನ ಜಾಗ ತಪ್ಪಿದರೆ ಬದಲಿ ಜಾಗ ಖಾಸಗಿಯದ್ದೇ ಆಗಿರಲಿ: ಮನೆ, ಗದ್ದೆ, ಪರಿಚಯದವರ ಅಂಗಡಿ. ಮನೆಯವರಿಗೆ ಎಷ್ಟು ಜನ ಬರುತ್ತೀರಿ, ಎಷ್ಟು ಹೊತ್ತು ಇರುತ್ತೀರಿ ಅಂತ ಸುಳ್ಳು ಹೇಳಬೇಡಿ. ದೊಡ್ಡಮ್ಮನಿಗೆ ನಾವು "ಒಂದು ಗಂಟೆ ಅಷ್ಟೆ" ಅಂದಿದ್ದೆವು. ಮಧ್ಯಾಹ್ನ ಅವರೇ ಎಂಟು ಜನಕ್ಕೂ ಊಟ ಹಾಕಬೇಕಾಯಿತು.

4. ನಟರು ಬರದಿದ್ದರೆ

ನಿಮ್ಮ ಮುಂದೆ ನಾಲ್ಕು ದಾರಿ ಇವೆ. ನಾನು ಈ ಕ್ರಮದಲ್ಲೇ ನೋಡುತ್ತೇನೆ.

ಮೊದಲನೆಯದು, ಪಾತ್ರವನ್ನು ತೆಗೆದೇಬಿಡುವುದು. ಅದರ ಕೆಲಸವನ್ನು ಉಳಿದವರಲ್ಲಿ ಯಾರಾದರೂ ಮಾಡಬಹುದಾ?

ಎರಡನೆಯದು, ದನಿ ಮಾತ್ರ ಇಟ್ಟುಕೊಳ್ಳುವುದು. ನಮ್ಮ ಅಮ್ಮ ಹೀಗೇ ಫೋನಿನ ದನಿಯಾದಳು. "ಪುಟ್ಟೀ, ಬಸ್ಸು ಬಂತನೇ? ಅಪ್ಪಯ್ಯ ಮಾತಾಡಿದ್ರಾ?" ಮಗಳು ಅಪ್ಪನ ಬೆನ್ನು ನೋಡುತ್ತಾ "ಹ್ಞೂಂ, ಮಾತಾಡಿದ್ರು" ಅಂತಾಳೆ. ಅವನು ಮಾತಾಡಿಲ್ಲ ಅಂತ ನಮಗೆ ಗೊತ್ತು. ದನಿ ಕೊಟ್ಟಿದ್ದು ನಮ್ಮ ಕ್ಯಾಮೆರಾಮನ್‌ನ ಅಮ್ಮ, ಒಂದು ವಾರದ ನಂತರ, ಸೀರೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರ ಮುಂದೆ ನಿಂತು. ಬಟ್ಟೆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಬರಿಗೋಡೆಯ ಕೋಣೆಗಿಂತ ಬೀರುವಿನ ಮುಂದೆ ದನಿ ಸ್ವಚ್ಛವಾಗಿ ಬರುತ್ತದೆ.

ಮೂರನೆಯದು, ಬೇರೆಯವರನ್ನು ಹಾಕುವುದು. ತಂಡದಲ್ಲೇ ಇರುವ ಗೆಳೆಯನಿಗೆ ಬಿಳಿ ಪೌಡರ್ ಬಳಿದು ಅಜ್ಜ ಮಾಡಬೇಡಿ, ದಯವಿಟ್ಟು. ಅಜ್ಜನನ್ನು ಅಣ್ಣ ಮಾಡಿ. ಪಾತ್ರದ ವಯಸ್ಸು ಬದಲಿಸುವುದು ಮೇಕಪ್‌ಗಿಂತ ಸುಲಭ.

ನಾಲ್ಕನೆಯದು, ಅರ್ಧ ಶೂಟ್ ಆದ ಮೇಲೆ ನಟ ತಪ್ಪಿದರೆ. ಇದಕ್ಕೆ ಸತ್ಯಜಿತ್ ರಾಯ್ ಹೇಳಿದ ಪ್ರಸಂಗವೇ ಪಾಠ. 1955ರಲ್ಲಿ ತೆರೆಕಂಡ 'ಪಥೇರ್ ಪಾಂಚಾಲಿ'ಯ ಶೂಟಿಂಗ್ ದುಡ್ಡಿಲ್ಲದೆ ಆಗಾಗ ನಿಲ್ಲುತ್ತಿತ್ತು. ಮಿಠಾಯಿ ಮಾರುವವನ ಪಾತ್ರ ಮಾಡಿದವರು ಅಂಥ ಒಂದು ಬಿಡುವಿನಲ್ಲಿ ತೀರಿಕೊಂಡರು. ರಾಯ್ ಅದೇ ಮೈಕಟ್ಟಿನ ಇನ್ನೊಬ್ಬರನ್ನು ಹುಡುಕಿ, ಬೆನ್ನು ಕ್ಯಾಮೆರಾದ ಕಡೆ ಇರುವ ಹಾಗೆ ಮನೆಯ ಗೇಟಿನೊಳಗೆ ನಡೆಸಿದರು. ಮಕ್ಕಳ ಹಿಂದೆ ಓಡುವ ನಾಯಿಯೂ ಸತ್ತಿತ್ತು, ಅದಕ್ಕೂ ಬದಲಿ ನಾಯಿ. ಎರಡೂ ಪರದೆಯ ಮೇಲೆ ಗೊತ್ತೇ ಆಗಲ್ಲ. ಯಾಕೆ? ನಮ್ಮ ಕಣ್ಣು ಹೋಗುವುದು ನಡಿಗೆಯ ಕಡೆ, ಮಿಠಾಯಿ ಹೊರೆಯ ಕಡೆ, ಹಿಂದೆ ಓಡುವ ಮಕ್ಕಳ ಕಡೆ. ಅದೇ ಅಂಗಿ, ಅದೇ ಚಪ್ಪಲಿ, ಅದೇ ಎತ್ತರ, ಬೆನ್ನು ಈ ಕಡೆ. ನೀವೂ ಧಾರಾಳವಾಗಿ ಮಾಡಬಹುದು.

ಬರಲಾಗದ ನಟರ ಮೇಲೆ ಗ್ರೂಪಿನಲ್ಲಿ ಕೂಗಾಡಬೇಡಿ. ಅವರು ದುಡ್ಡು ತೆಗೆದುಕೊಳ್ಳದೆ ಒಪ್ಪಿಕೊಂಡವರು. ಮುಂದಿನ ತಿಂಗಳು ಡಬ್ಬಿಂಗ್‌ಗೆ ಅವರೇ ಬೇಕಾಗಬಹುದು.

5. ಮಳೆ

ಮಳೆ ಬಂದರೆ ಪ್ಯಾಕಪ್ ಅನ್ನುವುದು ಅಭ್ಯಾಸ. ಆದರೆ ಸಣ್ಣ ಜಿನುಗು ಮಳೆ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಹನಿಗಳ ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಗೆರೆ ಗೆರೆಯಾಗಿ ಕಾಣುತ್ತವೆ. ಬೆಳಕು ಮುಂದಿನಿಂದ ಇದ್ದರೆ ಧೈರ್ಯವಾಗಿ ತೆಗೆಯಿರಿ. ನೆಲ, ಕೂದಲು, ಹೆಗಲು ಒದ್ದೆಯಾಗುವುದನ್ನು ಮಾತ್ರ ಗಮನಿಸಿ. ಮೋಡದ ಬೆಳಕಿನಲ್ಲಿ ನೆರಳು ಗಟ್ಟಿಯಾಗಿ ಬೀಳದ ಕಾರಣ ನಡುಮಧ್ಯಾಹ್ನವೂ ಮುಖ ಚೆನ್ನಾಗಿ ಬರುತ್ತದೆ. ಆದರೆ ಬೆಳಕು ಬೇಗ ಹೋಗುತ್ತದೆ. ಮಲೆನಾಡಿನ ಜುಲೈನಲ್ಲಿ 5 ಗಂಟೆಯ ಮೇಲೆ ಹೊರಾಂಗಣ ನಂಬಿಕೊಂಡು ಕೂರಬೇಡಿ.

ನಿಜವಾದ ಕಷ್ಟ ಕೊಡುವುದು ಸೌಂಡ್. ತಗಡಿನ ಮಾಡಿನ ಕೆಳಗೆ ಮಾತು ರೆಕಾರ್ಡ್ ಮಾಡೋಕೆ ಹೋಗಲೇಬೇಡಿ. ಹೆಂಚಿನ ಮನೆಯಾದರೆ ಪರವಾಗಿಲ್ಲ. ಮಳೆ ಒಂದು ಶಾಟಿನಲ್ಲಿ ಜೋರು, ಇನ್ನೊಂದರಲ್ಲಿ ಮೆಲ್ಲಗೆ ಇದ್ದರೆ ಎಡಿಟಿಂಗ್‌ನಲ್ಲಿ ಕಟ್ ಆದಾಗೆಲ್ಲ ಕಿವಿಗೆ ಹೊಡೆಯುತ್ತದೆ. ಅದಕ್ಕೆ ಒಂದೇ ಮದ್ದು: ಶೂಟಿಂಗ್ ನಡುವೆ ಎಲ್ಲರೂ ಸುಮ್ಮನಾಗಿ 3 ನಿಮಿಷ ಮಳೆಯ ಸದ್ದನ್ನೇ ರೆಕಾರ್ಡ್ ಮಾಡಿ, ಇಡೀ ದೃಶ್ಯದ ಕೆಳಗೆ ಹಾಸುವುದು. ಮಾತು ಕಮ್ಮಿ ಮಾಡಿ, ಕೈಕೆಲಸ ಜಾಸ್ತಿ ಮಾಡಿದರೆ ಇನ್ನೂ ಒಳ್ಳೆಯದು. ಉಪ್ಪಿನಕಾಯಿ ಬಾಟಲಿ ಹುಟ್ಟಿದ್ದೇ ಹಾಗೆ. ಮಾತು ಸರಿಯಾಗಿ ರೆಕಾರ್ಡ್ ಆಗುತ್ತಿರಲಿಲ್ಲ ಅಂತ ಅಪ್ಪನ ಕೈಗೆ ಏನಾದರೂ ಕೊಡಬೇಕಿತ್ತು.

ತಣ್ಣಗಿನ ಎಸಿ ಕಾರಿನಿಂದ ಕ್ಯಾಮೆರಾ ಹೊರಗೆ ತೆಗೆದ ಕೂಡಲೇ ಲೆನ್ಸ್ ಮಂಜು ಹಿಡಿಯುತ್ತದೆ. ಒರೆಸುತ್ತಾ ಕೂರಬೇಡಿ. ಬ್ಯಾಗಿನೊಳಗೇ 20 ನಿಮಿಷ ಹೊರಗಿನ ಹವೆಗೆ ಹೊಂದಿಕೊಳ್ಳಲು ಬಿಡಿ.

6. ಕ್ಯಾಮೆರಾ, ಕರೆಂಟು

ಕ್ಯಾಮೆರಾ ಸಿಗದಿದ್ದರೆ ಫೋನ್. ಇದರ ಬಗ್ಗೆ ಅಳುವುದು ಬೇಡ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಶಟರ್ ಮೂರನ್ನೂ ತಾನಾಗಿ ಬದಲಾಗದ ಹಾಗೆ ಲಾಕ್ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟಿನ ಕೆಳಗೆ ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಚಿತ್ರದಲ್ಲಿ ಪಟ್ಟಿ ಓಡಲ್ಲ. ಒಂದೇ ದೃಶ್ಯದಲ್ಲಿ ಅರ್ಧ ಕ್ಯಾಮೆರಾ, ಅರ್ಧ ಫೋನ್ ಬೆರೆಸಬೇಡಿ. ಬೇಕಾದರೆ ಒಂದು ಇಡೀ ದೃಶ್ಯವನ್ನು ಫೋನಿನಲ್ಲೇ ತೆಗೆಯಿರಿ.

ಕರೆಂಟು ಹೋದರೆ ಕಿಟಕಿ ಹತ್ತಿರ ಬನ್ನಿ, ಬೆಳಕು ಮುಖದ ಮೇಲೆ ವಾಪಸ್ ಬೀಳುವ ಹಾಗೆ ಥರ್ಮಾಕೋಲನ್ನು ಎದುರಿಗೆ ಹಿಡಿಯಿರಿ. ಅಷ್ಟೆ.

7. ಹೊಸ ಪಟ್ಟಿ, ಹೊಸ ಕ್ರಮ

ಸ್ಕ್ರಿಪ್ಟ್ ತಿದ್ದಲು ಮೂರೇ ಜನ ಕೂತುಕೊಳ್ಳಿ: ನಿರ್ದೇಶಕ, ಬರೆದವರು, ಎಡಿಟ್ ಮಾಡುವವರು. ಮುಕ್ಕಾಲು ಗಂಟೆ ಗಡುವು. ಎಂಟು ಜನ ಕೂತರೆ ಎಂಟು ಸಿನಿಮಾ ಆಗುತ್ತದೆ. ಎಡಿಟರ್ ಇರಲೇಬೇಕು, ಯಾಕೆಂದರೆ ಈಗಾಗಲೇ ತೆಗೆದ ಶಾಟುಗಳಿಗೆ ಹೊಸದು ಹೊಂದುತ್ತದೋ ಇಲ್ಲವೋ ಅಂತ ಅವರಿಗೇ ಗೊತ್ತು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಕಳೆದುಹೋದ ದೃಶ್ಯವನ್ನು ಮಾತಿನಲ್ಲಿ ತುಂಬುವುದು. "ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಅಪ್ಪಯ್ಯ ಓಡಿ ಬಂದು ದುಡ್ಡು ಕೊಟ್ಟರು ಗೊತ್ತಾ?" ಅಂತ ಮಗಳು ಗೆಳತಿಗೆ ಹೇಳುವುದು. ಅದು ನೋಡುವವರಿಗೆ ಸಾರಾಂಶ ಓದಿದ ಹಾಗೆ ಆಗುತ್ತದೆ. ಅಮ್ಮ ಯಾಕೆ ಮನೆಯಲ್ಲಿಲ್ಲ ಅಂತ ನಾವು ಎಲ್ಲೂ ವಿವರಿಸಲಿಲ್ಲ. ಇವತ್ತಿನವರೆಗೆ ಯಾರೂ ಕೇಳಿಲ್ಲ.

ಶಾಟುಗಳನ್ನು ಎರಡು ಗುಂಪು ಮಾಡಿ: ಬೇಕೇ ಬೇಕು, ಇದ್ದರೆ ಒಳ್ಳೆಯದು. ಮೊದಲು ಹೊರಡಬೇಕಾದ ನಟರ ಬೇಕೇ ಬೇಕು ಶಾಟುಗಳಿಂದ ಶುರು ಮಾಡಿ. ಹೊಸಬರ ತಂಡಕ್ಕೆ ದಿನಕ್ಕೆ 15 ಶಾಟ್ ಅಂದರೆ ಜಾಸ್ತಿಯೇ. 30 ಬರೆದಿದ್ದರೆ ನಿಮಗೆ ನೀವೇ ಸುಳ್ಳು ಹೇಳಿಕೊಳ್ಳುತ್ತಿದ್ದೀರಿ. ಸಮಯ ತೀರಾ ಕಮ್ಮಿ ಇದ್ದರೆ ಇಡೀ ದೃಶ್ಯವನ್ನು ಒಂದೇ ಶಾಟಿನಲ್ಲಿ ತೆಗೆಯಿರಿ, ಆಮೇಲೆ ಕೈಗಳದ್ದೋ ವಸ್ತುಗಳದ್ದೋ ಎರಡು ಮೂರು ಕ್ಲೋಸಪ್ ತೆಗೆದಿಡಿ. ಆ ಕ್ಲೋಸಪ್‌ಗಳು ಎಡಿಟಿಂಗ್ ಟೇಬಲ್ಲಿನಲ್ಲಿ ಎಲ್ಲ ತಪ್ಪನ್ನೂ ಮುಚ್ಚುತ್ತವೆ.

ರಾತ್ರಿ ಕಾರ್ಡ್ ಖಾಲಿ ಮಾಡುವ ಮುಂಚೆ ಎರಡು ಕಡೆ ಕಾಪಿ ಆಗಿದೆಯಾ ಅಂತ ಫೈಲ್ ತೆರೆದು ನೋಡಿ. ನಿದ್ದೆಗಣ್ಣಿನಲ್ಲಿ ಇದನ್ನು ಒಬ್ಬರೇ ಮಾಡಬೇಡಿ.

8. ಪ್ರಾಜೆಕ್ಟ್ ಗೈಡ್‌ಗೆ ಆವತ್ತೇ ಹೇಳಿ

ಮುಚ್ಚಿಟ್ಟು ಸಬ್‌ಮಿಷನ್ ದಿನ ಬೇರೆ ಸಿನಿಮಾ ತೋರಿಸಿದರೆ ಅವರಿಗೂ ಮುಜುಗರ. ಒಂದು ಪುಟ ಸಾಕು: ಏನು ತಪ್ಪಿತು, ಏನು ಬದಲಿಸಿದಿರಿ, ಅವಧಿ ಎಷ್ಟಾಗುತ್ತದೆ. ಅವಧಿಗೆ ಕನಿಷ್ಠ ಮಿತಿ ಇದೆಯಾ ಅಂತ ಆಗಲೇ ಕೇಳಿ. ನಮ್ಮ 11 ನಿಮಿಷ ಕೊನೆಗೆ 7 ಆಯಿತು. ಮೊದಲೇ ಹೇಳಿದ್ದರಿಂದ ತಕರಾರು ಬರಲಿಲ್ಲ. ವೈವಾದಲ್ಲಿ ಅರ್ಧ ಪ್ರಶ್ನೆ ಆ ಒಂದು ಪುಟದ ಮೇಲೇ ಬಂದವು.

9. ಎಡಿಟಿಂಗ್

ಮೊದಲ ಸಲ ರಶಸ್ (ಎಡಿಟ್ ಮಾಡದ ಶಾಟುಗಳು) ನೋಡುವಾಗ ಸ್ಕ್ರಿಪ್ಟನ್ನು ಪಕ್ಕಕ್ಕಿಡಿ. ಸೌಂಡ್ ಆಫ್ ಮಾಡಿ ಒಮ್ಮೆ ನೋಡಿ. ಯಾವ ಮುಖ, ಯಾವ ಕೈ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ ಅಂತ ಗುರುತು ಹಾಕಿ. ಆಮೇಲೆ ಕಥೆ ಜೋಡಿಸಿ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಕಾಲೇಜು ಸಿನಿಮಾಕ್ಕೆ ಧಾರಾಳ.

ಶಾಟ್ ಇಲ್ಲದ ಕಡೆ ಸದ್ದನ್ನು ಮುಂದೆ ಕಳಿಸಿ. ನಮ್ಮ ಸಿನಿಮಾದಲ್ಲಿ ಬಸ್ಸು ಎಲ್ಲೂ ಕಾಣಲ್ಲ. ಹಾರ್ನ್ ಕೇಳುತ್ತದೆ, ಮಗಳು ಮೆಟ್ಟಿಲಿಳಿದು ಚೌಕಟ್ಟಿನಿಂದ ಹೊರಗೆ ಹೋಗುತ್ತಾಳೆ, ಬ್ರೇಕ್ ಸದ್ದು, ಬಾಗಿಲು ಬಡಿದ ಸದ್ದು. ಪರದೆ ಮೇಲೆ ಅಷ್ಟು ಹೊತ್ತೂ ಇರುವುದು ಜಗಲಿ ಮೇಲೆ ಬಿದ್ದ ದಾರದ ತುಂಡು. ಆ ಸದ್ದೆಲ್ಲ ಇನ್ನೊಂದು ದಿನ ಟಿಕೆಟ್ ತೆಗೆದುಕೊಂಡು ಬಸ್ಸಿನಲ್ಲಿ ಓಡಾಡಿ ರೆಕಾರ್ಡ್ ಮಾಡಿದ್ದು.

10. ಪ್ಯಾಚ್ ವರ್ಕ್‌ಗೆ ಈಗಲೇ ತಯಾರಾಗಿ

ಎಡಿಟ್ ಶುರುವಾದ ಮೇಲೆ ಒಂದೆರಡು ಶಾಟ್ ಕಮ್ಮಿ ಬಿದ್ದೇ ಬೀಳುತ್ತದೆ. ಹಾಗಾಗಿ ಪ್ಯಾಕಪ್ ಆದ ಸಂಜೆ ಪ್ರತಿಯೊಬ್ಬ ನಟರನ್ನೂ ಮುಂದೆ, ಹಿಂದೆ, ಪಕ್ಕದಿಂದ, ಕೈಗಳನ್ನೂ ಸೇರಿಸಿ ಫೋಟೋ ತೆಗೆದಿಡಿ. ಬಟ್ಟೆ ನಿಮ್ಮ ಹತ್ತಿರವೇ ಇರಲಿ, ಒಗೆಯಬೇಡಿ. ಪ್ರಾಪರ್ಟಿ (ದೃಶ್ಯದಲ್ಲಿ ಬಳಸಿದ ವಸ್ತುಗಳು) ಎಲ್ಲ ಒಂದೇ ಡಬ್ಬದಲ್ಲಿ ಹಾಕಿ. ಎಡಿಟ್ ಮುಗಿದು ಸಿನಿಮಾ ಲಾಕ್ ಆಗುವ ತನಕ ಕೂದಲು, ಮೀಸೆ ಮುಟ್ಟಬೇಡಿ ಅಂತ ಕೇಳಿಕೊಳ್ಳಿ.

ನಾವು ಕೇಳಿಕೊಂಡಿರಲಿಲ್ಲ. ಎರಡು ವಾರದ ಮೇಲೆ ದಾರ ಕಟ್ಟುವ ಕ್ಲೋಸಪ್ ಬೇಕಾಯಿತು. ಅಪ್ಪನ ಪಾತ್ರದವರು ಇನ್ನೊಂದು ನಾಟಕಕ್ಕೆ ಮೀಸೆ ಬೋಳಿಸಿಕೊಂಡು ಹುಬ್ಬಳ್ಳಿಗೆ ಹೋಗಿದ್ದರು. ಸೌಂಡ್ ಹುಡುಗನಿಗೆ ಅದೇ ಅಂಗಿ ತೊಡಿಸಿ, ಬರೀ ಕೈಗಳನ್ನು ತೆಗೆದೆವು. ಕೈಗಡಿಯಾರವನ್ನು ಅವನು ಬಲಗೈಗೆ ಕಟ್ಟಿದ್ದ. ಯಾರೂ ನೋಡಲಿಲ್ಲ. ಒಂದು ಶಾಟಿನಲ್ಲಿ ಅದು ಎಡಗೈಯಲ್ಲಿದೆ, ಮುಂದಿನದರಲ್ಲಿ ಬಲಗೈಯಲ್ಲಿದೆ. ಹಾಗಾಗಿ ಫೋಟೋ ತೆಗೆಯುವಾಗ ವಾಚು ಕಾಣುವ ಹಾಗೆ ತೆಗೆಯಿರಿ.